ಬಣ್ಣದ ಕಾಕುವಿನ ಹಳದಿ ಉಪ್ಪು

ದಸರೆ ಹತ್ತಿರ ಬಂತೆಂದು ಮೊನ್ನೆ ಸೊಸೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ತೊಳೆಯಲು ಕುಳಿತಿದ್ದಳು. ಕಿಟಕಿಯ ಹಲಗೆಯ ಮೇಲೆ, ಉಪ್ಪಿನಕಾಯಿ ಭರಣಿಯ ಹಿಂದೆ, ಅವಳಿಗೊಂದು ಸಣ್ಣ ಗಾಜಿನ ಬಾಟಲಿ ಸಿಕ್ಕಿತು. ಒಳಗೆ ಉಪ್ಪು. ಬಿಸಿಲು ಬೀಳುವ ಬದಿಯಲ್ಲಿ ಬೆಳ್ಳಗಾಗಿತ್ತು, ಗೋಡೆಯ ಬದಿಯಲ್ಲಿ ಇನ್ನೂ ತೆಳು ಹಳದಿ.

"ಅತ್ತೀ, ಈ ಉಪ್ಪು ಕೆಟ್ಟೈತ್ರಿ. ಚೆಲ್ಲಿಬಿಡ್ಲೇನ್ರಿ?"

ನಾನು ಕುರ್ಚಿಯಿಂದ ಎದ್ದ ರಭಸಕ್ಕೆ ಮಂಡಿನೋವು ಎಲ್ಲಿಗೆ ಹೋಯಿತೋ ಆ ದೇವರಿಗೇ ಗೊತ್ತು. "ಏ, ಏ! ಚೆಲ್ಲೀಯವ್ವಾ! ನನ್ನ ಕೈಯಾಗ ಕೊಡಬ್ಯಾಡ, ನೆಲದ ಮ್ಯಾಲ ಇಡು!" ಎಂದು ಕೂಗಿಬಿಟ್ಟೆ. ಜಮಖಂಡಿಯ ಹುಡುಗಿ, ನಮ್ಮ ಮನೆಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಅತ್ತೆಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಬಾಟಲಿಯನ್ನು ಹಗೂರಕ್ಕೆ ನೆಲದ ಮೇಲಿಟ್ಟಳು. ನಾನು ಎತ್ತಿಕೊಂಡು ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ಅಷ್ಟು ವರ್ಷವಾದರೂ ಅರಿಶಿಣದ ವಾಸನೆ ಒಂದೆಳೆ ಉಳಿದಿತ್ತು... ಅಥವಾ ನನಗೆ ಹಾಗೆ ಅನ್ನಿಸಿತೋ ಏನೋ. ಅಲ್ಲೇ ಡಬ್ಬಿಗಳ ನಡುವೆ ಕುಳಿತುಬಿಟ್ಟೆ. ಕೆಲಸ ಅಲ್ಲಿಗೇ ನಿಂತಿತು.

ನಮ್ಮದು ಬನಹಟ್ಟಿಯ ನೇಕಾರರ ಓಣಿ. ಮುಂಜಾನೆ ಶುರುವಾದ ಮಗ್ಗದ ಸಪ್ಪಳ ದೀಪ ಹಚ್ಚುವ ಹೊತ್ತು ದಾಟಿದರೂ ನಿಲ್ಲದು. ಆ ಸಪ್ಪಳದ ಮೇಲೆ ಹಾಯ್ದು ಇನ್ನೊಂದು ಮನೆಗೆ ಕೇಳಿಸುವ ದನಿ ನಮ್ಮ ಓಣಿಯಲ್ಲಿ ಒಂದೇ ಇತ್ತು. ಅದು ಬಣ್ಣದ ಕಾಕುವಿನದು. ನಮ್ಮ ಹಿತ್ತಿಲ ಗೋಡೆಗೆ ಹತ್ತಿಕೊಂಡೇ ಅವಳ ಬಣ್ಣದ ಮನೆ, ಎಂದರೆ ನೂಲಿಗೆ ಬಣ್ಣ ಹಾಕುವ ಕಾರಖಾನೆ. ಗಂಡ ತೀರಿಕೊಂಡ ಮೇಲೆ ಅವಳೇ ನಡೆಸುತ್ತಿದ್ದಳು. ಯಾರಿಗೂ ಅವಳು ಸ್ವಂತ ಕಾಕು, ಎಂದರೆ ಚಿಕ್ಕಮ್ಮ, ಅಲ್ಲ, ಆದರೂ ಮುದುಕರು ಕೂಡ ಕಾಕು ಎಂದೇ ಕರೆಯುತ್ತಿದ್ದರು. ಮೂಗಿನಲ್ಲಿ ದಪ್ಪ ನತ್ತು, ಬಾಯಲ್ಲಿ ಎಲೆಯಡಿಕೆ, ಹೆಬ್ಬೆರಳಿನ ತುದಿಯಲ್ಲಿ ಸದಾ ಸುಣ್ಣ, ಸೊಂಟದಲ್ಲಿ ಬಣ್ಣದ ಮನೆಯ ಕೀಲಿಕೈ. ಉಗುರುಗಳ ಸಂದಿಯಲ್ಲಿ ಯಾವ ಬಣ್ಣ ಕುಳಿತಿದೆ ಎನ್ನುವುದರ ಮೇಲೆ ಈ ವಾರ ಯಾವ ಸೀರೆ ನಡೆದಿದೆ ಎಂದು ನಾವು ಹೇಳಿಬಿಡುತ್ತಿದ್ದೆವು.

ಕಾಕು ಎಂದೂ ತಪ್ಪು ಮಾಡಿದವಳಲ್ಲ. ಹಾಗಂತ ಅವಳೇ ಹೇಳುತ್ತಿದ್ದಳು! ನೂಲಿನ ಬಣ್ಣ ಹೆಚ್ಚುಕಡಿಮೆಯಾಯಿತು ಅನ್ನಿ, "ಅಕ್ಕೋರ, ನೂಲು ಬರೋಬ್ಬರಿ ಐತಿ. ಇವತ್ತ ಮಾಡ ಹಾಕೇತಿ ನೋಡ್ರಿ, ಬಣ್ಣ ನೋಡಾಕ ಬೆಳಕ ಬರವಲ್ದು" ಎನ್ನುತ್ತಿದ್ದಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದುದರಿಂದ ಅವಳಿಗೆ ಅಕ್ಕೋರು. ನಮ್ಮ ಮನೆಯವರದು ಪಾವರ್‌ಲೂಮು, ನೂಲೆಲ್ಲ ಅವಳಲ್ಲೇ ಬಣ್ಣಕ್ಕೆ ಹೋಗುತ್ತಿತ್ತು. ಒಮ್ಮೆ ಕುಂಕುಮದ ಬಣ್ಣ ಕೇಳಿದ್ದಕ್ಕೆ ಬದನೆಕಾಯಿ ಬಣ್ಣದ ನೂಲಿನ ಲಡಿಗಳನ್ನು ಕೊಟ್ಟು ಕಳಿಸಿದ್ದಳು. ನಮ್ಮವರು ಜಗಳಕ್ಕೆಂದು ಹೋದವರು, ಮನೆಗೆ ಬಂದು "ನಾನ ಬದನಿಕಾಯಿ ಅಂತ ಹೇಳಿದ್ನೇನ?" ಎಂದು ನನ್ನನ್ನೇ ಕೇಳಿದರು. ಆ ನೂಲಿನಲ್ಲೇ ನೇಯ್ದ ಸೀರೆ ಮಹಾಲಿಂಗಪುರದ ಅಂಗಡಿಗಳಲ್ಲಿ ಬಂದ ಹಾಗೆ ಹೋಯಿತು. "ಮಂದಿಗೆ ಏನ ಬೇಕು ಅನ್ನೂದು ನನಗ ಮೊದಲ ಗೊತ್ತಿತ್ತು" ಎಂದು ಅವಳು ವರ್ಷವಿಡೀ ಬೀಗಿದಳು.

ಬಣ್ಣದ ಮನೆಯ ನೀರು ಹಿಂದಿನ ಹಳ್ಳಕ್ಕೆ ಹೋಗುತ್ತಿತ್ತು. ಒಂದು ದಿನ ಹಸಿರು, ಇನ್ನೊಂದು ದಿನ ಕೆಂಪು. ಮೊದಮೊದಲು ನಮಗದು ತಮಾಷೆ. ಆಮೇಲೆ ಕೆಳಗಿನ ಹೊಲದವರ ಬೋರಿನಲ್ಲಿ ನೀರು ಉಪ್ಪಾಯಿತು. ಜೋಳದ ಹೊಲದ ಬದುವಿಗೆ ಬೆಳ್ಳನೆಯ ಪೊರೆ ಕಟ್ಟಿತು. ಹತ್ತಿ ನೂಲಿಗೆ ಬಣ್ಣ ಹತ್ತಬೇಕಾದರೆ ತೊಟ್ಟಿಯಲ್ಲಿ ಚೀಲಗಟ್ಟಲೆ ಉಪ್ಪು ಹಾಕಬೇಕು. ನೂಲು ಬಣ್ಣ ಕುಡಿಯುತ್ತದೆ, ಉಪ್ಪು ಕುಡಿಯುವುದಿಲ್ಲ. ಅದೆಲ್ಲ ನೀರಿನ ಸಂಗಡ ಹಳ್ಳಕ್ಕೆ. ಹೊಲದವರು ಸುಮ್ಮನೆ ಎಷ್ಟು ದಿನ ಕೂತಾರು? ದೂರು ಹೋಯಿತು, ತಪಾಸಣೆಯ ಸಾಹೇಬರು ಬಂದರು, ಬಣ್ಣದ ಮನೆಗೆ ಬೀಗ ಬಿತ್ತು. ಓಣಿಯ ಕಟ್ಟೆಯ ಮೇಲೆ ಕುಳಿತವರು, "ಉಪ್ಪು ತಿಂದವರು ನೀರು ಕುಡೀಲಿಕ್ಕ ಬೇಕು" ಎಂದು ಅವಳಿಗೆ ಕೇಳುವ ಹಾಗೆಯೇ ಆಡಿಕೊಂಡರು.

ಕೆಲವು ವಾರ ಗೋಡೆಯಾಚೆಯಿಂದ ಆ ದನಿಯೇ ಇಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರು ಬೆಳಗಾದರೆ ಬಂದು ಬಾಗಿಲ ಮುಂದೆ ಕುಳಿತು ಹೋಗುತ್ತಿದ್ದರು. ಕಾಕುವಿನ ಮಗ ಒಬ್ಬನೇ. ಅವನಿಗೆ ಈ ಹಸಿ ಬಣ್ಣದ ಕೆಲಸ ಮೊದಲಿನಿಂದಲೂ ಸೇರದು. "ಅವ್ವಾ, ಸಾಕು ಮಾಡು. ಜಾಗಾ ಪ್ಲಾಟ್ ಮಾಡಿ ಮಾರಿಬಿಡೂಣು" ಎಂದ. ಕಾಕು ಸೊಂಟದ ಕೀಲಿಕೈ ಮುಟ್ಟಿ ನೋಡಿಕೊಂಡು, "ನೀ ಮಾರೂದಕ್ಕ ನಾ ಇನ್ನೂ ಸತ್ತಿಲ್ಲಲೇ" ಎಂದಳು. ಮರುದಿನ ಬಸ್ಸು ಹತ್ತಿ ಇಚಲಕರಂಜಿ ಕಡೆ ಹೋಗಿಬಿಟ್ಟಳು. ಅಲ್ಲಿ ಯಾರೋ ಬಣ್ಣದ ನೀರನ್ನು ಹೊರಗೇ ಬಿಡದೆ ಕಾರಖಾನೆ ನಡೆಸುತ್ತಾರೆಂದು ಕೇಳಿದ್ದಳಂತೆ.

ವಾಪಸು ಬಂದ ಸಂಜೆಯನ್ನು ನಾನು ಮರೆಯುವುದುಂಟೇ? ಚೀಲವನ್ನೂ ಇಳಿಸದೆ ಸೀದಾ ನಮ್ಮ ಪಡಸಾಲೆಗೆ ಬಂದಳು. ಒಂದು ಬಾಟಲಿಯಲ್ಲಿ ತಿಳಿನೀರು, ಒಂದು ಪುಡಿಕೆಯಲ್ಲಿ ಬಿಳಿ ಉಪ್ಪು. ಕಣ್ಣು ಮಾತ್ರ ಜಾತ್ರೆಗೆ ಹೋಗಿ ಬಂದ ಹುಡುಗಿಯ ಹಾಗೆ ಅರಳಿದ್ದವು.

"ಅಕ್ಕೋರ, ಇದ ನೀರು ಮುಂಜಾನೆ ಹಸರ ಇತ್ರಿ! ಇದ ಉಪ್ಪು ಅದ ನೀರಾಗ ಇತ್ತು! ಎರಡನೂ ಬ್ಯಾರೆ ಬ್ಯಾರೆ ಮಾಡಿ ಕೈಯಾಗ ಕೊಡ್ತಾರು. ನೀವು ಸಾಲ್ಯಾಗ ಇದನ್ನೆಲ್ಲ ಕಲಸ್ತೀರಿ, ಒಂದಿನಾನೂ ನಮಗ ಹೇಳಲಿಲ್ಲಲ್ರಿ?"

ನಾನು ಕಲಿಸಿದ್ದೇನೋ ನಿಜ. ಬೀಕರಿನಲ್ಲಿ ಉಪ್ಪುನೀರು ಕುದಿಸಿ, ತಳದಲ್ಲಿ ಉಳಿದ ಹರಳನ್ನು ಮಕ್ಕಳಿಗೆ ತೋರಿಸುತ್ತಿದ್ದೆ. ಅದನ್ನೇ ಒಂದು ಕಾರಖಾನೆಯಷ್ಟು ದೊಡ್ಡದು ಮಾಡಬಹುದೆಂದು ನನ್ನ ತಲೆಗೂ ಹೊಳೆದಿರಲಿಲ್ಲ. ಆ ಸಂಜೆ ನಾವಿಬ್ಬರೂ ಆ ಬಿಳಿ ಪುಡಿಯನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದೆವು. ಅದು ಮಿಂಚಿದರೆ ಸಾಕು, "ನೋಡ್ರಿ, ನೋಡ್ರಿ!" ಎಂದು ನನ್ನ ತೊಡೆ ಚಿವುಟುತ್ತಿದ್ದಳು.

ಮಗ ಒಪ್ಪಲಿಲ್ಲ. ಕಡೆಗೆ ಅವಳೇ ಮಾತು ಕೊಟ್ಟಳು. ಮಷಿನ್ ತರುತ್ತೇನೆ. ಸಾಹೇಬರ ಮುಂದೆ ಹೊರಗೊಂದು ಹನಿ ಹೋಗದೆ, ಬಿಳಿ ಉಪ್ಪು ಬಂದರೆ ಬಣ್ಣದ ಮನೆ ನನ್ನದು. ಬರದಿದ್ದರೆ, "ಈ ಕೀಲಿಕೈ ನಿನ್ನ ಕೈಯಾಗ. ಆಮ್ಯಾಗ ನೀ ಪ್ಲಾಟ್ ಮಾಡು, ಬಯಲ ಮಾಡು, ನಾ ಬಾಯಿ ತೆಗ್ಯಾಕಿಲ್ಲ." ಕಾಕು ಬಾಯಿ ತೆಗೆಯದೆ ಇರುವುದೆಂದರೆ ಅದು ಎಂಥ ದೊಡ್ಡ ಪಣ ಎಂದು ಓಣಿಯವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಷಿನ್ ಕೂಡಿಸಿ, ತೊಟ್ಟಿಗಳಲ್ಲಿ ನಿಂತಿದ್ದ ಬಣ್ಣದ ನೀರಿನ ಮೇಲೆ ಪರೀಕ್ಷೆ ಮಾಡುವಷ್ಟಕ್ಕೆ ಸಾಹೇಬರು ಬೀಗ ಸಡಿಲಿಸಿದರು. ಮಷಿನ್ ಬಂದ ದಿನ ಲಾರಿ ಓಣಿಯ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಮಗ್ಗ ನಿಲ್ಲಿಸಿ ಗಂಡಸರೆಲ್ಲ ಹೊರಗೆ ಬಂದರು. ಒಬ್ಬರ ಕಟ್ಟೆ ಒಡೆಯಿತು, ಇನ್ನೊಬ್ಬರ ತಗಡು ಹಾರಿತು. ಕಾಕು ಲಾರಿಯ ಮುಂದೆ ನಿಂತು ಹಿಂದಕ್ಕೆ ಬಾ, ಮುಂದಕ್ಕೆ ಬಾ ಎಂದು ಕೈ ಬೀಸುತ್ತಿದ್ದಳು. ಡ್ರೈವರು ಕಿಟಕಿಯಿಂದ ತಲೆ ಹಾಕಿ, "ಅವ್ವಾ, ನೀವ ಬಂದು ನಡಸ್ರಿ" ಎಂದ. "ಕಲಸಿದ್ರ ನಡಸ್ತಿದ್ದೆ" ಎಂದಳು ಇವಳು!

ಸಂಗಡ ಒಬ್ಬ ಎಂಜಿನಿಯರ್ ಬಂದ. ಸಾಂಗ್ಲಿ ಕಡೆಯ ತರುಣ, ಮರಾಠಿ ಬೆರೆಸಿದ ಕನ್ನಡ, ಸೌಮ್ಯ ಮನುಷ್ಯ. ತನ್ನ ಕೆಲಸದ ಬಗ್ಗೆ ಯಾರು ಕೇಳಿದರೂ ಸಂತೋಷದಿಂದ ಹೇಳುತ್ತಿದ್ದ. ಬಣ್ಣದ ನೀರನ್ನು ಮೊದಲು ತೊಟ್ಟಿಗಳಲ್ಲಿ ತಿಳಿಗೊಳಿಸಿ ಬಣ್ಣ ತೆಗೆಯುವುದು. ಆಮೇಲೆ ಸಣ್ಣ ಸೋಸುಗಳ, ಎಂದರೆ ಫಿಲ್ಟರುಗಳ, ಮೂಲಕ ಒತ್ತಿ ಒಳ್ಳೆಯ ನೀರನ್ನು ಹಿಂಡಿಕೊಳ್ಳುವುದು. ಉಳಿದ ಕಡು ಉಪ್ಪುನೀರನ್ನು ಹಬೆಯಿಂದ ಕುದಿಸಿ ಕುದಿಸಿ ಗಟ್ಟಿ ಮಾಡುವುದು. ಮೇಲೆ ಹೋಗುವ ಹಬೆಯನ್ನೂ ಬಿಡದೆ ತಂಪು ಮಾಡಿ ನೀರಾಗಿಸಿಕೊಳ್ಳುವುದು. ಎಲ್ಲಕ್ಕಿಂತ ಕಡೆಗೆ ಒಂದು ಎತ್ತರದ ಉಕ್ಕಿನ ಹಂಡೆ. ಅದರಲ್ಲಿ ಉಪ್ಪು ಹರಳುಗಟ್ಟುತ್ತದೆ. ಅದನ್ನು ಅವನು ಕ್ರಿಸ್ಟಲೈಸರ್ ಎನ್ನುತ್ತಿದ್ದ. ಎರಡು ದಿನ ಕೂಡ ಆ ಹೆಸರು ನಮ್ಮ ಓಣಿಯಲ್ಲಿ ಬಾಳಲಿಲ್ಲ, ಎಲ್ಲರ ಬಾಯಲ್ಲೂ ಉಪ್ಪಿನ ಹಂಡೆ ಆಯಿತು.

"ಇದೇನ ಹೊಸಾದ ಅಲ್ಲ ಬಿಡು ತಮ್ಮಾ. ಗಾಣದ ಮನ್ಯಾಗ ಕಬ್ಬಿನ ಹಾಲು ಕಾಸಿ ಬೆಲ್ಲ ಮಾಡಿದಂಗ" ಎಂದಳು ಕಾಕು.

ಅವನು ಚಪ್ಪಾಳೆ ತಟ್ಟಿದ. "ಬರೋಬರ್, ಕಾಕು! ಆದ್ರ ಇಲ್ಲಿ ಹರಳು ಕಟ್ಟಾಕ ಮೊದಲು ಸ್ವಲ್ಪ ಉಪ್ಪು ಬೀಜ ಅಂತ ಹಾಕಬೇಕು. ಅದನ್ನ ಹಿಡಕೊಂಡ ಉಳಿದದ್ದು ಬೆಳೀತದ."

"ಬೀಜ ಅಲ್ಲೋ, ಹೆಪ್ಪು ಅನ್ನು" ಎಂದು ತಿದ್ದಿದಳು ಅವಳು.

ಹಂಡೆಯ ಹೊಟ್ಟೆಗೆ ಒಂದು ದುಂಡು ಗಾಜಿನ ಕಿಂಡಿ ಇತ್ತು. ಅದರಲ್ಲಿ ಇಣುಕಿದರೆ ಒಳಗಿನದು ಕಾಣುತ್ತದೆ. ಸರಿ, ಓಣಿಗೆ ಓಣಿಯೇ ಅದರಲ್ಲಿ ಇಣುಕಲು ಸಾಲು ಹಚ್ಚಿತು. ನಾನಂತೂ ಶಾಲೆ ಬಿಟ್ಟ ಕೂಡಲೇ ಚೀಲ ಹೆಗಲಲ್ಲಿಟ್ಟುಕೊಂಡೇ ಅಲ್ಲಿಗೆ ಓಡುತ್ತಿದ್ದೆ.

ಅಷ್ಟರಲ್ಲಿ ಕಾಕು ಹೊಸ ಕಾಯಿದೆ ಹೊರಡಿಸಿದ್ದಳು. "ಒಂದು ಹನಿ ನೀರೂ ಹೊರಗ ಹೋಗಬಾರದು!" ಇದನ್ನು ಗೋಡೆಯ ಮೇಲೆ ಬಣ್ಣದಲ್ಲೇ ದೊಡ್ಡದಾಗಿ ಬರೆಸಿದಳು. ಹೆಂಗಸರು ಕೈ ತೊಳೆದ ನೀರು ತೊಟ್ಟಿಗೆ. ಚಹದ ಬಸಿ ತೊಳೆದ ನೀರು ತೊಟ್ಟಿಗೆ. ಒಬ್ಬ ಮುದುಕ ಅಂಗಳದಲ್ಲಿ ಬಾಯಿ ಮುಕ್ಕಳಿಸಿ ಉಗುಳಿದ್ದಕ್ಕೆ ಅವನನ್ನು ಬೀದಿಯವರೆಗೆ ಅಟ್ಟಿಸಿಕೊಂಡು ಹೋದಳು. "ಕಾಕು, ಬೆವರು ಬಂದ್ರ ಎಲ್ಲಿ ಒರಸೂದ್ರಿ?" ಎಂದು ನಮ್ಮವರು ಕೇಳಿದರೆ, "ತೊಟ್ಟ್ಯಾಗ ಹಿಂಡಿ ಹೋಗು" ಎಂದಳು. ನಗೆಯೋ ನಗೆ. ಅವಳು ಮಾತ್ರ ನಗಲಿಲ್ಲ.

ಹಂಡೆಗೆ ಹೆಪ್ಪು ಹಾಕುವ ದಿನ ಗೊತ್ತಾಯಿತು. ಮರುದಿನ ಮಧ್ಯಾಹ್ನ ಸಾಹೇಬರು ಬಂದು ನೋಡುವುದು. ಆಗ ಕಾಕುವಿಗೆ ಹೊಳೆಯಿತು ನೋಡಿ ಒಂದು ವಿಚಾರ. "ಹೊಟ್ಯಾಗ ಒಂದು ಬೆಳ್ಯಾಕತ್ತೈತಿ ಅಂದಮ್ಯಾಲ ಕುಬಸ ಮಾಡಬೇಕು!"

ಕುಬಸ ಎಂದರೆ ಬಸುರಿ ಹೆಣ್ಣಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ ಆರತಿ ಮಾಡುವ ಸಂಭ್ರಮ. ಉಕ್ಕಿನ ಹಂಡೆಗೆ ಕುಬಸ ಮಾಡಿದ್ದನ್ನು ನೀವೆಲ್ಲಾದರೂ ಕೇಳಿದ್ದೀರಾ? ನಮ್ಮಲ್ಲಿ ಆಯಿತು! ಗಾಜಿನ ಕಿಂಡಿ ಬಿಟ್ಟು ಉಳಿದ ಕಡೆಗೆಲ್ಲ ಹಸಿರು ಸೀರೆ ಸುತ್ತಿದರು. ಕೊಳವೆಗೆ ಬಳೆ ಕಟ್ಟಿದರು. ಓಣಿಯ ಮನೆ ಮನೆಯಿಂದ ಆರತಿ ತಟ್ಟೆ ಬಂದವು. ಎಂಜಿನಿಯರ್ ಮೊದಲು ನಾಚಿಕೊಂಡ. ಆಮೇಲೆ, "ನಮ್ಮ ಕಡೀನೂ ಡೋಹಾಳೆ ಜೇವಣ ಅಂತ ಮಾಡ್ತಾರ್ರಿ. ಆದ್ರ ಹೆಣ್ಣಮಕ್ಕಳಿಗೆ" ಎಂದ. ಅವನ ಉಡಿಯಲ್ಲೂ ಒಂದು ಕೊಬ್ಬರಿ ಬಟ್ಟಲು ಬಿತ್ತು. ಹಾಡೇನು, ಹೋಳಿಗೆಯೇನು, ಒಬ್ಬರನ್ನೊಬ್ಬರು ಕಾಡಿದ್ದೇನು! ಬೀಗ ಬಿದ್ದ ಮೇಲೆ ಆ ಅಂಗಳದಲ್ಲಿ ಕಾಕು ನಕ್ಕದ್ದು ಅದೇ ಮೊದಲು.

ಆರತಿ ತಟ್ಟೆಯಲ್ಲಿ ಅರಿಶಿಣ ಸುಣ್ಣ ಕಲಸಿದ ಕೆಂಪು ನೀರು ಇರುತ್ತದಲ್ಲ, ಆರತಿ ಮುಗಿದ ಮೇಲೆ ಅದನ್ನು ಹೊಸ್ತಿಲಾಚೆ ಸುರಿಯುವುದು ಪದ್ಧತಿ. ಅಷ್ಟೂ ತಟ್ಟೆಯ ನೀರು ಸೇರಿ ಒಂದು ಬಕೀಟು ತುಂಬಿತ್ತು. ಕಾಕುವಿನ ಸೊಸೆ ಅದನ್ನೆತ್ತಿಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು. ಮೆತ್ತಗಿನ ಹೆಣ್ಣುಮಗಳು, ಅತ್ತೆಯ ದನಿಯ ಮುಂದೆ ಅವಳ ದನಿ ಎಂದೂ ಕೇಳಿದ್ದಿಲ್ಲ. "ಅತ್ತೀ, ಇದನ್ನ ಹೊರಗ ಸುರುವ್ಲೇನ್ರಿ?" ಎಂದಳು. "ಹೊರಗ? ಹೊರಗ ಒಂದು ಹನಿ ಹೋಗಬಾರದು ಅಂತ ಹೇಳೇನಿಲ್ಲ? ತಾ ಇಲ್ಲಿ!" ಎಂದು ಕಾಕು ಬಕೀಟು ಕಸಿದುಕೊಂಡು ತೊಟ್ಟಿಗಳ ಕಡೆ ಹೋದಳು. ನಾನು ಹೋಳಿಗೆ ತಿನ್ನುತ್ತಾ ನೋಡಿದೆ. ಏನೂ ಅನ್ನಿಸಲಿಲ್ಲ.

ಮರುದಿನ ಶನಿವಾರ, ಬೆಳಗಿನ ಶಾಲೆ. ಮುಗಿಸಿ ಓಡಿ ಬಂದೆ. ಅಂಗಳದ ತುಂಬ ಜನ. ಹಂಡೆಯಿಂದ ಇಳಿದ ಉಪ್ಪನ್ನು ಒಂದು ತಿರುಗುವ ಜಾಲರಿಯಲ್ಲಿ ಹಾಕಿ ನೀರು ಹಾರಿಸುತ್ತಿದ್ದರು. ಅದು ಗರಗರ ತಿರುಗುತ್ತಿತ್ತು, ನಮ್ಮೆಲ್ಲರ ಎದೆಯೂ ಅದರ ಸಂಗಡ. ನಿಂತಿತು. ಎಂಜಿನಿಯರ್ ಮುಚ್ಚಳ ತೆರೆದ.

ಹಳದಿ.

ಎಂಜಿನಿಯರ್ ಕೈ ಹಾಕಿ ಹಿಡಿಯಷ್ಟು ತೆಗೆದ, ಬೆಳಕಿಗೆ ಹಿಡಿದ, ಮತ್ತೆ ಹಿಡಿದ. ಅವನ ಮುಖ ನೋಡಲಾಗಲಿಲ್ಲ. "ಬಣ್ಣ ದಾಟಿ ಬಂದದರಿ. ಸೋಸು ಕೆಲಸಾ ಮಾಡಿಲ್ಲ. ಎಲ್ಲಾ ಬಿಚ್ಚಬೇಕು... ಯಾವಾಗ ಸುರು ಮಾಡಲಿ, ಏನು ಮಾಡಲಿ, ತಿಳೀವಲ್ದು" ಎಂದ. ಸಾಹೇಬರು ಬರುವ ಹೊತ್ತಾಗಿತ್ತು. ಕಾಕು ಒಬ್ಬೊಬ್ಬರನ್ನೇ ಹಿಡಿದು ಬೈಯತೊಡಗಿದಳು. ಸೋಸು ಕಳಿಸಿದವರನ್ನು ಬೈದಳು, ಲಾರಿ ಅಲುಗಾಡಿಸಿದ ಡ್ರೈವರನನ್ನು ಬೈದಳು, ಗಾಜಿನ ಕಿಂಡಿಯಲ್ಲಿ ಕೆಟ್ಟ ಕಣ್ಣು ಹಾಕಿದ ಇಡೀ ಓಣಿಯನ್ನು ಬೈದಳು. ಮಗ ಸುಮ್ಮನೆ ಬಂದು ಅವಳ ಮುಂದೆ ನಿಂತು ಕೈ ಚಾಚಿದ.

"ಕೀಲಿ ಕೊಡಬೇ ಅವ್ವಾ. ಮಾತು ಕೊಟ್ಟೀದಿ."

ಕಾಕು ಬೈಯುವುದನ್ನು ನಿಲ್ಲಿಸಿದಳು. ಸೊಂಟಕ್ಕೆ ಕೈ ಹೋಯಿತು. ಕೊಡುವುದಕ್ಕೆ ಮೊದಲು ಒಂದು ಸಲ ಬಗ್ಗಿ ಒಂದು ಚಿಟಿಕೆ ಉಪ್ಪು ತೆಗೆದುಕೊಂಡಳು. ತಿಕ್ಕಿ ನೋಡಬೇಕೆಂದಿದ್ದಳೋ ಏನೋ. ಅವಳ ಹೆಬ್ಬೆರಳಿನಲ್ಲಿ ಎಲೆಯ ಸುಣ್ಣ ಇತ್ತಲ್ಲ... ಉಪ್ಪು ಅಲ್ಲಿ ಕೆಂಪಾಯಿತು.

ನಾನು ಪಕ್ಕದಲ್ಲೇ ಇದ್ದೆ, ಕಣ್ಣಾರೆ ನೋಡಿದೆ. ಅಯ್ಯೋ ನನ್ನ ವಿಜ್ಞಾನವೇ! ಅರಿಶಿಣಕ್ಕೆ ಸುಣ್ಣ ತಾಗಿದರೆ ಕೆಂಪು, ಹುಳಿ ತಾಗಿದರೆ ಮತ್ತೆ ಹಳದಿ. ವರ್ಷ ವರ್ಷ ಮಕ್ಕಳಿಗೆ ಮಾಡಿ ತೋರಿಸಿದ ಪಾಠ. ಕಡೆಯ ತೊಟ್ಟಿಯ ನೀರಿಗೆ ಎಂಜಿನಿಯರ್ ಆಮ್ಲ ಹಾಕಿ ಹದ ಮಾಡಿದ್ದ. ಕೆಂಪಾಗಿ ಒಳಗೆ ಹೋದ ಆರತಿ ನೀರು ಹಳದಿಯಾಗಿ ಹೊರಗೆ ಬಂದಿತ್ತು. ಸೋಸುಗಳೆಲ್ಲ ದಾಟಿದ ಮೇಲೆ ಬರುವ ಆ ಕಡೆಯ ತೊಟ್ಟಿಗೇ ಕಾಕು ಬಕೀಟು ಬೋರಲು ಹಾಕಿದ್ದಳು. ಮಷಿನಿನದು ಒಂದೆಳ್ಳಷ್ಟೂ ತಪ್ಪಿರಲಿಲ್ಲ!

ಕಾಕುವಿಗೂ ಗೊತ್ತಾಯಿತು. ಅದು ಅವಳ ಮುಖದಲ್ಲೇ ಕಂಡಿತು. ಹೆಬ್ಬೆರಳನ್ನು ಸೆರಗಿನೊಳಗೆ ಎಳೆದುಕೊಂಡಳು. ನಾನೇ ತಡೆಯಲಾರದೆ, "ಇದು ಬಣ್ಣ ಅಲ್ರಿ, ಅರಿಶಿಣ!" ಎಂದುಬಿಟ್ಟೆ. ಎಂಜಿನಿಯರ್ ಜಿಗಿದು ಬಂದ. ಯಾರೋ ಸುಣ್ಣದ ಡಬ್ಬಿ ಕೊಟ್ಟರು. ಇನ್ನೊಂದು ಹಿಡಿ ಉಪ್ಪಿಗೆ ತಿಕ್ಕಿದರು, ಅದೂ ಕೆಂಪು. ನಿನ್ನೆ ಆರತಿ ತಂದಿದ್ದ ಹೆಂಗಸರೆಲ್ಲ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಒಬ್ಬರ ಮುಖ ಒಬ್ಬರು ನೋಡತೊಡಗಿದರು.

ಮಗ ಹೆಂಡತಿಯ ಕಡೆ ತಿರುಗಿದ. "ಬಕೀಟ ನಿನ್ನ ಕೈಯಾಗ ಇತ್ತು. ನೀನ ಸುರುವಿದೀ ಹೌದಲ್ಲ? ಅಟೂ ಬುದ್ಧಿ ಬ್ಯಾಡೇನು?"

ಆ ಹುಡುಗಿ ತಲೆ ತಗ್ಗಿಸಿದಳು. ಅಲ್ಲ ಎನ್ನಲಿಲ್ಲ. ಅತ್ತೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ನಿಂತಳು. ಗಂಡ ಇನ್ನೊಂದು ಮಾತು ಆಡಿದ, ಮತ್ತೊಂದು ಆಡಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಹೇಳಿಬಿಡಲೇ ಎಂದು ಬಾಯಿ ತೆರೆಯುವಷ್ಟರಲ್ಲಿ...

"ಸುಮ್ನಿರಲೇ! ಆಕಿ ಅಲ್ಲ, ನಾನ."

ಎಲ್ಲರೂ ತಿರುಗಿದರು. ಕಾಕು ಕೆಂಪಾದ ಹೆಬ್ಬೆರಳನ್ನು ಮೇಲೆತ್ತಿ ಹಿಡಿದಿದ್ದಳು.

"ನಾನ ಸುರುವೇನಿ. ಆಕಿ ಹೊರಗ ಚೆಲ್ತೇನಂತ ಕೇಳಿದ್ಲು, ನಾನ ಕಸಗೊಂಡು ತೊಟ್ಟ್ಯಾಗ ಹಾಕಿದೆ. ತಪ್ಪು ನಂದು. ಕೇಳಿಸ್ತಿಲ್ಲೋ ಎಲ್ಲಾರಿಗೂ? ತಪ್ಪು ನಂದೈತಿ!"

ಮಗ್ಗದ ಸಪ್ಪಳದ ಮೇಲೆ ಹಾಯುವ ದನಿ ಅದು. ಓಣಿಯ ಆ ಕೊನೆಯವರೆಗೂ ಕೇಳಿಸಿರಬೇಕು. ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯಲಿಲ್ಲ.

ಸಾಹೇಬರು ಬಂದಾಗಲೂ ಅವಳೇ ಮುಂದೆ ಹೋಗಿ ಎಲ್ಲವನ್ನೂ ಹೇಳಿದಳು. ಕುಬಸದಿಂದ ಹಿಡಿದು ಬಕೀಟಿನ ತನಕ, ಒಂದಕ್ಷರ ಬಿಡದೆ. ಹೆಬ್ಬೆರಳು ತೋರಿಸಿದಳು, ಅವರ ಕೈಯಲ್ಲೇ ಸುಣ್ಣ ತಿಕ್ಕಿಸಿ ನೋಡಿಸಿದಳು. ಸಾಹೇಬರು ಬಹಳ ಹೊತ್ತು ಮುಖ ಗಂಟಿಕ್ಕಿಕೊಂಡೇ ಇದ್ದರು. ಹೊರಗೆ ಹೋಗಿ ಹಳ್ಳದ ಕಡೆಯ ಕಾಲುವೆ ನೋಡಿದರು, ಒಣಗಿ ಬಿರುಕು ಬಿಟ್ಟಿತ್ತು. ತಿಳಿನೀರಿನ ತೊಟ್ಟಿ ನೋಡಿದರು. ಬಂದು, "ಬಿಳೀ ಉಪ್ಪು ಮಾಡಿ ಹೇಳಿ ಕಳಿಸ್ರಿ, ಬರ್ತೇನಿ" ಎಂದರು. ಗೇಟಿನ ಹತ್ತಿರ ಹೋದ ಮೇಲೆ ಅವರ ಭುಜಗಳು ಕುಲುಕುವುದು ಕಂಡಿತು. ನಗುತ್ತಿದ್ದರು.

ಹಳದಿ ನೀರನ್ನು ಹೊರಗೆ ಚೆಲ್ಲುವಂತಿಲ್ಲ. ಕಾಕುವಿನದೇ ಕಾಯಿದೆ! ಅಷ್ಟನ್ನೂ ಮೊದಲನೆಯ ತೊಟ್ಟಿಗೆ ವಾಪಸು ಕಳಿಸಿ ಮತ್ತೆ ಎಲ್ಲ ಮೆಟ್ಟಿಲು ಹತ್ತಿಸಿ ತಂದರು. ಈ ಸಲ ಹೆಪ್ಪು ಹಾಕಿದವಳು ಕಾಕು ಅಲ್ಲ. ಸೊಸೆಯ ಕೈ ಹಿಡಿದು ಏಣಿ ಹತ್ತಿಸಿ ಅವಳಿಂದ ಹಾಕಿಸಿದಳು. ಆಮೇಲೆ ನಾನು ಕಿಂಡಿಯಲ್ಲಿ ಕಣ್ಣಿಟ್ಟೆ. ಮೊದಲು ಬರೀ ಕುದಿ. ನೋಡುತ್ತಾ ನೋಡುತ್ತಾ ಒಂದು ಮಿಂಚು, ಇನ್ನೊಂದು ಮಿಂಚು, ಆಮೇಲೆ ಲೆಕ್ಕವೇ ಇಲ್ಲ! ಹಂಡೆಯೊಳಗೆಲ್ಲ ಹರಳು ಸುತ್ತುತ್ತಿತ್ತು. "ಬಂತು! ಬಂತು!" ಎಂದು ನಾನು ಚೀರಿದ್ದನ್ನು ನಮ್ಮ ಶಾಲೆಯ ಮಕ್ಕಳು ಕಂಡಿದ್ದರೆ ನನ್ನ ಮರ್ಯಾದೆ ಮೂರು ಕಾಸಿಗೆ ಹೋಗುತ್ತಿತ್ತು. ಜಾಲರಿಯ ಮುಚ್ಚಳ ತೆರೆದರೆ ಬಿಳೀ ಉಪ್ಪು. ಬೆಳ್ಳಂಬೆಳ್ಳಗೆ! ಎಂಜಿನಿಯರನನ್ನು ಗಂಡಸರು ಹೆಗಲ ಮೇಲೆ ಎತ್ತಿಕೊಂಡರು. ಮಗ್ಗಗಳೆಲ್ಲ ನಿಂತವು. ಕಾಕು ಆ ಉಪ್ಪಿನಿಂದಲೇ ಮೊದಲ ಲಡಿಗೆ ಬಣ್ಣ ಹಾಕಿದಳು, ಹಂಡೆಗೆ ಉಡಿಸಿದ್ದ ಸೀರೆಯಂಥದೇ ಹಸಿರು. ಬಣ್ಣ ಹಾಗೆ ಹತ್ತಿತು! ಕಟ್ಟೆಯ ಮೇಲಿನವರ ಕಡೆ ತಿರುಗಿ, "ನಮ್ಮ ಉಪ್ಪು ನಾವ ತಿಂತೇವಿ, ನಮ್ಮ ನೀರು ನಾವ ಕುಡೀತೇವಿ. ಈಗ ಏನಂತೀರಿ?" ಎಂದಳು.

ಸಾಹೇಬರು ಬಂದು ನೋಡಿ ಬೀಗ ಕಾಯಮ್ಮಾಗಿ ತೆಗೆಸಿಕೊಟ್ಟ ದಿನ ಮಗ ಅವ್ವನ ಮುಂದೆ ತಲೆ ಕೆರೆಯುತ್ತಾ ನಿಂತ. ಪಣ ಗೆದ್ದವಳು ಅವಳು. ಸೊಂಟದಿಂದ ಕೀಲಿಕೈ ಬಿಚ್ಚಿದಳು. ಬಿಚ್ಚಿ, ಸೊಸೆಯನ್ನು ಕರೆದು ಅವಳ ಸೊಂಟಕ್ಕೆ ಸಿಗಿಸಿದಳು. "ಹೊರಗ ಏನ ಬಿಡಬೇಕು, ಒಳಗ ಏನ ಇಟಗೋಬೇಕು, ಅದು ನನಗಿಂತ ಈಕಿಗೆ ಛಲೋ ಗೊತ್ತೈತಿ" ಎಂದಳು. ಆ ಹುಡುಗಿಯ ಕಣ್ಣಲ್ಲಿ ನೀರು. "ಅದನ್ನ ತೊಟ್ಟ್ಯಾಗ ಹಾಕು!" ಎಂದು ಗದರಿಸಿ, ಕಾಕು ತಾನೂ ಸೆರಗಿನಿಂದ ಮೂಗು ಒರೆಸಿಕೊಂಡಳು. ಗೋಡೆಯ ಮೇಲಿನ ಬರಹದ ಕೆಳಗೆ ಇನ್ನೊಂದು ಸಾಲು ಬಂತು. "ಆರತಿ ನೀರೊಂದು ಬಿಟ್ಟು."

ಹಳದಿ ಉಪ್ಪನ್ನು ಅವಳು ಚೆಲ್ಲಲು ಬಿಡಲಿಲ್ಲ. ಒಂದು ಬಾಟಲಿಯಲ್ಲಿ ತುಂಬಿಕೊಂಡು ನಮ್ಮ ಮನೆಗೆ ಬಂದಳು. ನಾನು ಕೈ ನೀಡಿದೆ. "ಉಪ್ಪನ್ನ ಕೈಯಾಗ ಕೊಡಬಾರದ್ರಿ ಅಕ್ಕೋರ, ಜಗಳಾ ಬರ್ತೈತಿ" ಎಂದು ನೆಲದ ಮೇಲಿಟ್ಟಳು. "ನಿಮ್ಮ ಸಾಲಿ ಮಕ್ಕಳಿಗೆ ತೋರಸ್ರಿ. ಬಣ್ಣದ ಕಾಕು ಜಲಮದಾಗ ಒಂದ ತಪ್ಪು ಮಾಡಿದ್ಲು, ಅದು ಇಷ್ಟ ಚಂದ ಇತ್ತು ಅನ್ರಿ." ಆಮೇಲೆ ಎಷ್ಟೋ ವರ್ಷ ನಾನು ತೋರಿಸಿದೆ. ಒಂದು ಚಿಟಿಕೆ ತೆಗೆದು ಸುಣ್ಣ ತಿಕ್ಕಿದರೆ ಹಿಂದಿನ ಬೆಂಚಿನವರೂ ಎದ್ದು ನಿಲ್ಲುತ್ತಿದ್ದರು. ನಾನು ನಿವೃತ್ತಳಾದ ಮೇಲೆ ಬಾಟಲಿ ಕಿಟಕಿಯ ಹಲಗೆ ಸೇರಿತು...

ಹೋದ ವರ್ಷ ಚಳಿಗಾಲದಲ್ಲಿ ಕಾಕು ಹೋದಳು. ಎದೆನೋವು ಎಂದಳಂತೆ, ಆಸ್ಪತ್ರೆ ಮುಟ್ಟುವ ಮೊದಲೇ. ಬಣ್ಣದ ಮನೆ ಈಗಲೂ ನಡೆದಿದೆ, ಅವಳ ಸೊಸೆಯ ದನಿಯೂ ಈಗ ಚೆನ್ನಾಗಿಯೇ ಏರಿದೆ. ಹಳ್ಳದಲ್ಲಿ ಮಳೆಗಾಲದ ನೀರು ಮಣ್ಣಿನ ಬಣ್ಣದಲ್ಲೇ ಹರಿಯುತ್ತದೆ. ಎಲ್ಲ ಇದ್ದ ಹಾಗೆಯೇ ಇದೆ. ಆದರೂ ಮುಂಜಾನೆ ಹಿತ್ತಿಲಿಗೆ ಹೋದಾಗ ಗೋಡೆಯಾಚೆಯಿಂದ "ಅಕ್ಕೋರ, ಚಹಾ ಆತೇನ್ರಿ?" ಎನ್ನುವ ಕೂಗಿಗೆ ನನ್ನ ಕಿವಿ ಇನ್ನೂ ಕಾಯುತ್ತದೆ. ಅದು ಬರುವುದಿಲ್ಲ. ಬಹಳ ಬೇಜಾರಾಗುತ್ತದೆ, ಮುಚ್ಚಿಡುವುದೇನಿದೆ.

ಇಷ್ಟನ್ನೂ ಡಬ್ಬಿಗಳ ನಡುವೆ ಕುಳಿತು ಸೊಸೆಗೆ ಹೇಳಿದೆ. ತಿಕ್ಕುತ್ತಿದ್ದ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು, ನಡುವೆ ಬಿದ್ದು ಬಿದ್ದು ನಕ್ಕಳು. ಕಡೆಗೆ ಬಾಟಲಿಯ ಬೆಳ್ಳಗಾದ ಬದಿಯನ್ನು ಬೆರಳಿಂದ ಸವರಿ, "ಅರಿಶಿಣಾ ಬಿಸಲಿಗೆ ಹೋಗ್ತೈತಲ್ರಿ ಅತ್ತಿ" ಎಂದಳು. ಹೌದು, ಹೋಗುತ್ತದೆ. ಸೀರೆಗೆ ಬಿದ್ದ ಅರಿಶಿಣದ ಕಲೆಯನ್ನು ನಾವೆಲ್ಲ ಬಿಸಿಲಿಗೆ ಹಾಕಿಯೇ ತೆಗೆಯುವವರು. ಈ ಬಾಟಲಿಯ ವಿಷಯದಲ್ಲಿ ಮಾತ್ರ ನನಗದು ನೆನಪಾಗಿರಲಿಲ್ಲ.

ಮುಚ್ಚಳ ಬಿಗಿ ಮಾಡಿ ಅವಳಿಗೆ ಕೊಡಲು ಹೋದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡು ನೆಲ ತೋರಿಸಿದಳು.

ನೆಲದ ಮೇಲಿಟ್ಟೆ. ಎತ್ತಿಕೊಂಡು, ಕಿಟಕಿಯ ಕಡೆ ಹೋಗದೆ, ಕಪಾಟಿನ ಒಳಗಿನ ಕತ್ತಲೆಯ ಮೂಲೆಯಲ್ಲಿ ಇಟ್ಟುಬಂದಳು.

"ಇದ್ದಷ್ಟರ ಇರಲ್ರಿ" ಎಂದಳು.